ಪೈಲ್ಸ್ ಅಂದುಕೊಂಡ ಕಪ್ಪು ಗಂಟು

ಆ ಅಮ್ಮ ನನ್ನ ಹತ್ತಿರ ಬರುವ ಹೊತ್ತಿಗೆ ಆರು ತಿಂಗಳಿಂದ ಗುದದ್ವಾರದಿಂದ ರಕ್ತ ಹೋಗುತ್ತಿತ್ತು. ಮೈ ಉಷ್ಣ ಆಗಿದೆ ಅಂತ ಮಜ್ಜಿಗೆ, ಎಳನೀರು ಕುಡಿದಿದ್ದರು. ಆಮೇಲೆ ಒಂದು ಕಡೆ ಮೂಲವ್ಯಾಧಿ ಅಂತ ಮುಲಾಮು ಬರೆದುಕೊಟ್ಟಿದ್ದರು. ಬೆರಳು ಹಾಕಿ ನೋಡಿದವರು ಯಾರೂ ಇಲ್ಲ. ಅರವತ್ತು ದಾಟಿದ ಹೆಂಗಸು, ನಾಚಿಕೆಯಿಂದ ಅವರೂ ತೋರಿಸಿರಲಿಲ್ಲ.

ನರ್ಸನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಎಡಮಗ್ಗುಲಿಗೆ ಮಲಗಿಸಿ ನೋಡಿದೆ. ಒಳಗಿನ ಪೈಲ್ಸ್ ಮೆತ್ತಗಿರುತ್ತದೆ, ಸಾಮಾನ್ಯವಾಗಿ ಬೆರಳಿಗೆ ಸಿಗುವುದೇ ಇಲ್ಲ. ಇದು ಸಿಕ್ಕಿತು. ರಬ್ಬರಿನ ಹಾಗೆ ಗಟ್ಟಿ. ಗುದದ್ವಾರದ ಒಳಗೆ ನೋಡುವ ಕೊಳವೆ, ಪ್ರಾಕ್ಟೊಸ್ಕೋಪ್ ಹಾಕಿದರೆ ನೇರಳೆ ಹಣ್ಣಿನಷ್ಟು ಗಂಟು, ಬಣ್ಣವೂ ಅದರದ್ದೇ. ರಕ್ತ ಹೆಪ್ಪುಗಟ್ಟಿದ ಪೈಲ್ಸ್ ಕೂಡ ಹೀಗೇ ಕಪ್ಪಗೆ ಕಾಣುತ್ತದೆ, ಆದರೆ ಅದು ಒಮ್ಮೆಲೇ ಬಂದು, ಜಾಸ್ತಿ ನೋಯಿಸಿ, ಕೆಲವು ವಾರಗಳಲ್ಲಿ ಕುಗ್ಗುತ್ತದೆ. ಆರು ತಿಂಗಳು ಹಾಗೇ ಕೂರುವುದಿಲ್ಲ.

ಗಂಟಿನ ಚೂರನ್ನು ಬಯಾಪ್ಸಿಗೆ ಕಳಿಸಿದೆ. ಮೆಲನೋಮ ಗುರುತಿಸಲು ಲ್ಯಾಬಿನಲ್ಲಿ ಮಾಡುವ ಪರೀಕ್ಷೆಗಳಾದ ಎಸ್-100, ಎಚ್‌ಎಂಬಿ-45 ಎರಡೂ ಪಾಸಿಟಿವ್. ಮೆಲನೋಮ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ಗುದದ್ವಾರದ ಒಳಗೂ ಇರುತ್ತವೆ, ಅಲ್ಲಿಂದಲೇ ಹುಟ್ಟುವ ಕ್ಯಾನ್ಸರ್ ಇದು. ಚರ್ಮದ ಮೆಲನೋಮದಂತಲ್ಲ, ಬಿಸಿಲಿಗೂ ಇದಕ್ಕೂ ಸಂಬಂಧವಿಲ್ಲ. ತುಂಬಾ ಅಪರೂಪ. ಎಲ್ಲವೂ ಕಪ್ಪಗಿರುವುದಿಲ್ಲ ಅನ್ನುವುದು ಇನ್ನೊಂದು ತೊಂದರೆ. ಬಣ್ಣವೇ ಇಲ್ಲದವು ಸುಮ್ನೆ ಮಾಂಸದ ಗಂಟಿನ ಹಾಗೆ ಕಾಣುತ್ತವೆ. ಅದಕ್ಕೇ ಪೈಲ್ಸ್ ಆಪರೇಷನ್‌ನಲ್ಲಿ ತೆಗೆದ ತುಂಡನ್ನೂ ನಾನು ತಪ್ಪದೆ ಲ್ಯಾಬಿಗೆ ಕಳಿಸುತ್ತೇನೆ.

ಸ್ಕ್ಯಾನ್‌ಗಳಲ್ಲಿ ಲಿವರ್, ಶ್ವಾಸಕೋಶ, ತೊಡೆಸಂದಿನ ದುಗ್ಧಗ್ರಂಥಿಗಳು ಎಲ್ಲಾ ಸರಿಯಿದ್ದವು. ಆಗ ಎದುರಾಗಿದ್ದು ನಿಜವಾದ ಪ್ರಶ್ನೆ. ಗುದದ್ವಾರವನ್ನೇ ಪೂರ್ತಿ ತೆಗೆದು ಮಲ ಹೋಗಲು ಹೊಟ್ಟೆಗೆ ಚೀಲ ಹಾಕುವುದೋ, ಗಂಟನ್ನು ಮಾತ್ರ ಸುತ್ತಲಿನ ಅಂಚಿನ ಸಮೇತ ತೆಗೆಯುವುದೋ?

ಮಾಮೂಲಿ ಗುದದ್ವಾರದ ಕ್ಯಾನ್ಸರ್, ಅಂದರೆ ಒಳಪದರದ ಚಪ್ಪಟೆ ಕೋಶಗಳಿಂದ ಹುಟ್ಟುವ ಸ್ಕ್ವಾಮಸ್ ಆಗಿದ್ದರೆ ಮೊದಲು ಚಾಕುವನ್ನೇ ಹಿಡಿಯುತ್ತಿರಲಿಲ್ಲ. ಡೆಟ್ರಾಯ್ಟ್‌ನ ಡಾ. ನಾರ್ಮನ್ ನೈಗ್ರೊ 1974ರಲ್ಲಿ ತೋರಿಸಿದ ದಾರಿಯಲ್ಲಿ ಕೀಮೋ, ರೇಡಿಯೇಷನ್ ಎರಡನ್ನೂ ಒಟ್ಟಿಗೆ ಕೊಟ್ಟರೆ ಎಷ್ಟೋ ಜನರಿಗೆ ಅದು ಅಷ್ಟಕ್ಕೇ ಕರಗುತ್ತದೆ. ಮೆಲನೋಮ ಹಾಗೆ ಬಗ್ಗುವುದಿಲ್ಲ.

"ಚೀಲ ಹಾಕಿದ್ರೆ ಬದುಕ್ತೀನಾ ಡಾಕ್ಟ್ರೇ?" ಅಂತ ಅವರೇ ಕೇಳಿದರು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ದೊಡ್ಡ ಆಪರೇಷನ್ ಮಾಡಿದರೆ ಅದೇ ಜಾಗದಲ್ಲಿ ಮತ್ತೆ ಬರುವುದು ಸ್ವಲ್ಪ ಕಡಿಮೆ. ಆಯಸ್ಸು ಮಾತ್ರ ಹೆಚ್ಚುವುದಿಲ್ಲ. ಪ್ರಾಣ ತೆಗೆಯುವುದು ಬಹುತೇಕ ಲಿವರ್‌ಗೆ, ಶ್ವಾಸಕೋಶಕ್ಕೆ ಹರಡಿದ ರೋಗ. ಐದು ವರ್ಷ ದಾಟುವವರು ಐದರಲ್ಲಿ ಒಬ್ಬರು ಸಿಗುವುದೂ ಕಷ್ಟ. ಇದನ್ನೆಲ್ಲ ಮಗನ ಎದುರಿಗೇ ನಿಧಾನವಾಗಿ ಹೇಳಿದೆ. "ಹಾಗಾದ್ರೆ ಚೀಲ ಬೇಡ" ಅಂದರು.

ಮಲವನ್ನು ತಡೆದು ಹಿಡಿಯುವ ಬಿಗಿ ಸ್ನಾಯುವಿಗೆ ಗಂಟು ಇಳಿದಿರಲಿಲ್ಲ. ಬೆನ್ನಿಗೆ ಅರಿವಳಿಕೆ ಕೊಟ್ಟು ಸುತ್ತಲಿನ ಒಂದು ಸೆಂಟಿಮೀಟರ್ ಅಂಚಿನ ಸಮೇತ ಗಂಟನ್ನು ತೆಗೆದೆ. ಅಂಚುಗಳಲ್ಲಿ ರೋಗ ಇರಲಿಲ್ಲ. ನಾಲ್ಕನೇ ದಿನ ಮನೆಗೆ ಹೋದರು.

ಮೂರು ತಿಂಗಳಿಗೊಮ್ಮೆ ನೋಡುತ್ತಿದ್ದೆ. ಹದಿನಾಲ್ಕನೇ ತಿಂಗಳಲ್ಲಿ ಲಿವರ್‌ನಲ್ಲಿ ಎರಡು ಚುಕ್ಕೆ ಕಂಡವು. ಗಡ್ಡೆಯ ಕಿಟ್ ಅನ್ನುವ ಜೀನ್‌ನಲ್ಲಿ ಬದಲಾವಣೆ ಇದ್ದರೆ ಇಮ್ಯಾಟಿನಿಬ್ ಮಾತ್ರೆ ಕೆಲವರಿಗೆ ಹಿಡಿಸುತ್ತದೆ. ಇವರಲ್ಲಿ ಇರಲಿಲ್ಲ. ಕ್ಯಾನ್ಸರ್ ತಜ್ಞರು ದೇಹದ ರೋಗನಿರೋಧಕ ಶಕ್ತಿಯೇ ಕ್ಯಾನ್ಸರ್ ಮೇಲೆ ಎರಗುವಂತೆ ಮಾಡುವ ನಿವೊಲುಮ್ಯಾಬ್ ಇಂಜೆಕ್ಷನ್ ಶುರು ಮಾಡಿದ್ದಾರೆ. ದುಬಾರಿ ಔಷಧ, ಮಗ ಸಾಲ ಮಾಡಿದ್ದಾನೆ. ನಾಲ್ಕು ಡೋಸ್ ಆಗಿದೆ, ಸ್ಕ್ಯಾನ್ ಮುಂದಿನ ತಿಂಗಳು. ಮೊನ್ನೆ ಬಂದಾಗ ಸುಸ್ತಾಗಿದ್ದರು. ಆದರೂ ಬಸ್ಸಿನಲ್ಲಿ ಕೂತೇ ಬಂದಿದ್ದರು, ಚೀಲವಿಲ್ಲದೆ.