ಅವ್ವನ ಎಳೆ ಎಣಿಕೆ

ಅವ್ವ ಹೋಗಿ ಮೂರು ತಿಂಗಳಾದ ಮೇಲೆ ಅವಳ ಟ್ರಂಕು ತೆಗೆದೆ. ಧಾರವಾಡದ ಮನೆಯ ಅಟ್ಟದ ಮೇಲಿತ್ತು. ಒಳಗೆ ಇಳಕಲ್ ಸೀರೆಗಳು, ಗುಳೇದಗುಡ್ಡ ಖಣದ ಕುಬಸಗಳು, ಮೊಮ್ಮಕ್ಕಳು ಕೂಸಿದ್ದಾಗ ತಲೆಗೆ ಹಾಕಲು ಹೊಲಿದ ಕುಂಚಿಗೆಗಳು, ದಿಂಬಿನ ಚೀಲಗಳು. ಎಲ್ಲದರ ಮೇಲೂ ಅವಳ ಕೈಯ ಕಸೂತಿ. ಎಣಿಸಿದರೆ 37. ಒಂದರ ಮೇಲೂ ತಾರೀಖಿಲ್ಲ.

ಅವಳ ಬಗ್ಗೆ ಮಕ್ಕಳಿಗೆ ಬರೆದಿಡಬೇಕು ಅಂತ ಅದಕ್ಕೂ ಮೊದಲೇ ಪ್ರಯತ್ನ ಮಾಡಿದ್ದೆ. ಹುಟ್ಟಿದ ಊರು, ಮದುವೆ, ನಾವು ಮೂವರು ಮಕ್ಕಳು ಅಂತ ಬರೆದರೆ ಅರ್ಧ ಪುಟಕ್ಕೇ ಮುಗಿಯಿತು. ಬಂಧುಗಳನ್ನು ಕೇಳಿದರೆ "ಭಾಳ ಚಲೋ ಹೆಣಮಗಳು" ಎನ್ನುತ್ತಿದ್ದರು. ನಿಜವೇ. ಆದರೆ ಆ ಮಾತಿನಲ್ಲಿ ನನ್ನ ಅವ್ವ ಸಿಗಲಿಲ್ಲ. ಹಾಗಾಗಿ ಬಟ್ಟೆಗಳಿಂದಲೇ ಶುರು ಮಾಡಿದೆ.

ಮೊದಲು ಪ್ರತಿಯೊಂದರ ಫೋಟೋ ತೆಗೆದೆ, ಮುಂದೆ ಒಂದು, ಹಿಂದೆ ಒಂದು. ಕಸೂತಿಯಲ್ಲಿ ಗಂಟು ಹಾಕುವುದಿಲ್ಲ. ಗವಂತಿ, ಮುರ್ಗಿ ಅನ್ನುವ ಅದರ ಹೊಲಿಗೆಗಳು ಎರಡೂ ಹಿಂದೆ ಮುಂದೆ ಒಂದೇ ಥರ ಕಾಣಬೇಕು. ಅವ್ವನ ಕೆಲಸದಲ್ಲಿ ಯಾವುದು ಮುಂದು, ಯಾವುದು ಹಿಂದು ಅಂತ ಫೋಟೋ ನೋಡಿ ನನಗೇ ಗೊತ್ತಾಗಲಿಲ್ಲ. ಆಮೇಲೆ ಒಂದೊಂದು ಚಿತ್ರವನ್ನೂ ಗ್ರಾಫ್ ಹಾಳೆಗೆ ಇಳಿಸಿದೆ. ಗೋಪುರ, ತುಳಸಿಕಟ್ಟೆ, ತೇರು, ಆನೆ, ನವಿಲು. ಒಂದು ಹೊಲಿಗೆಗೆ ಒಂದು ಮನೆ.

ಈ ಕೆಲಸದಲ್ಲೇ ಅದು ಕಣ್ಣಿಗೆ ಬಿತ್ತು. ಕಸೂತಿಗೆ ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವುದಿಲ್ಲ, ಎಳೆ ಎಣಿಸಿಯೇ ಹಾಕಬೇಕು. ಭೂತಗನ್ನಡಿ ಹಿಡಿದು ನೋಡಿದೆ. ಒಂದು ಚಂದ್ರಕಾಳಿ, ಅಂದರೆ ಕಪ್ಪು ರೇಷ್ಮೆ ಸೀರೆಯ ಗೋಪುರದಲ್ಲಿ ನಾಲ್ಕು ಎಳೆಗೆ ಒಂದು ಹೊಲಿಗೆ. ಇನ್ನೊಂದು ಸೀರೆಯಲ್ಲಿ ಅದೇ ಗೋಪುರ, ಐದು ಎಳೆ. ಮತ್ತೊಂದರಲ್ಲಿ ಆರು. ಹೊಲಿಗೆಗಳ ಲೆಕ್ಕ ಒಂದೂ ತಪ್ಪಿಲ್ಲ, ಗೋಪುರ ಮಾತ್ರ ದೊಡ್ಡದಾಗುತ್ತಾ ಹೋಗಿದೆ.

ಅವ್ವನ ಕಣ್ಣು ಮಂಜಾಗುತ್ತಾ ಬಂದಿತ್ತು. ನಮಗೆ ಯಾರಿಗೂ ಹೇಳಿರಲಿಲ್ಲ.

ಕುಂಚಿಗೆಗಳಿಂದ ಇದು ಖಾತ್ರಿಯಾಯಿತು. ಯಾವ ಕುಂಚಿಗೆ ಯಾವ ಕೂಸಿನದು ಅಂತ ಗೊತ್ತಿತ್ತಲ್ಲ. ಅಣ್ಣನ ಮಗ 1996ರಲ್ಲಿ ಹುಟ್ಟಿದ್ದು, ಅವನದಕ್ಕೆ ನಾಲ್ಕು ಎಳೆ. ನನ್ನ ಮಗಳು 2004, ಅವಳದಕ್ಕೆ ಆರು. ತಂಗಿಯ ಮಗನದಂತೂ ಮ್ಯಾಟಿ ಬಟ್ಟೆ, ಅದರಲ್ಲಿ ಕಣ್ಣಿಗೆ ಕಾಣುವಂಥ ಮನೆಗಳಿರುತ್ತವೆ. ಹೀಗೆ 37ನ್ನೂ ಸಾಲಾಗಿ ಜೋಡಿಸಿದೆ. ನೀವೂ ಮಾಡುವುದಾದರೆ ಸ್ಕೇಲಿನಲ್ಲಿ ಅಳೆಯಬೇಡಿ. ಒಂದೊಂದು ಬಟ್ಟೆಯ ಎಳೆ ಒಂದೊಂದು ದಪ್ಪ, ಮೋಸ ಹೋಗುತ್ತೀರಿ. ಎಳೆಯನ್ನೇ ಎಣಿಸಿ.

ಸಾಲು ಸಿಕ್ಕ ಮೇಲೆ ಒಂದೊಂದನ್ನೇ ಹಿಡಿದುಕೊಂಡು ಚಿಕ್ಕವ್ವನ ಹತ್ತಿರ ಹೋದೆ. ಫೋಟೋ ತೋರಿಸಿದರೆ ಅವರು ಸುಮ್ನೆ ತಲೆಯಾಡಿಸುತ್ತಿದ್ದರು. ಬಟ್ಟೆಯನ್ನೇ ಕೈಗೆ ಕೊಟ್ಟಾಗ ಮಾತು ಬಂತು. ಸೆರಗಿನ ಮೇಲೆ ಬೆರಳಾಡಿಸುತ್ತಾ ಹೇಳಿದರು: "ಇದು ಶ್ರಾವಣದಾಗ ಹಾಕಿದ್ದವಾ. ಮಳಿ ಹಿಡಕೊಂಡಿತ್ತು, ಕರೆಂಟ ಇದ್ದಿಲ್ಲ. ನಿಮ್ಮವ್ವ ಪಡಸಾಲಿ ಬಾಗಲದಾಗ ಕೂತು ಹಾಕ್ತಿದ್ಲು. ನೀ ತೊಟ್ಟಿಲದಾಗ ಇದ್ದಿ. ಕಾಲಿಗೆ ಹಗ್ಗಾ ಕಟಗೊಂಡು ತೂಗ್ತಿದ್ಲು." ಆ ಸೆರಗಿನ ಮೇಲೆ ತೊಟ್ಟಿಲುಗಳ ಸಾಲೇ ಇದೆ. ಇದನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಅವರ ಮಾತಿನಲ್ಲೇ ಬರೆದೆ. ತಿದ್ದಲಿಲ್ಲ.

ಒಂದು ತಪ್ಪು ಮಾಡಿದೆ, ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಅವ್ವನ ಮದುವೆಯ ಚಂದ್ರಕಾಳಿಯನ್ನು ಹಳೆಯ ಮಡಿಕೆಯಲ್ಲೇ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಬಿಟ್ಟೆ. ಮುಂದಿನ ಸಲ ಬಿಚ್ಚಿದಾಗ ಮಡಿಕೆಯ ಗುಂಟ ರೇಷ್ಮೆ ಸೀಳಿತು. ಈಗ ಎಲ್ಲವನ್ನೂ ತೊಳೆದ ಬಿಳಿ ಹತ್ತಿ ಪಂಚೆಯಲ್ಲಿ ಸುತ್ತಿಡುತ್ತೇನೆ. ಮೂರು ತಿಂಗಳಿಗೊಮ್ಮೆ ತೆಗೆದು, ನೆರಳಲ್ಲಿ ಗಾಳಿಗೆ ಹಾಕಿ, ಬೇರೆ ಕಡೆ ಮಡಿಚಿಡುತ್ತೇನೆ.

ಸಾಲಿನ ಕೊನೆಯಲ್ಲಿರುವುದು ಒಂದು ಮ್ಯಾಟಿ ತುಂಡು. ಸೂಜಿ ಅದರಲ್ಲೇ ಇತ್ತು, ತುಕ್ಕು ಹಿಡಿಯಲು ಶುರುವಾಗಿತ್ತು. ಕಲೆಯಾಗುತ್ತದೆ ಅಂತ ಅದನ್ನು ತೆಗೆದೆ, ದಾರ ಹಾಗೇ ಬಿಟ್ಟೆ. ಗವಂತಿ ಹಾಕುವಾಗ ಹೋಗುತ್ತಾ ಒಂದು ಮನೆ ಬಿಟ್ಟು ಒಂದು ಮನೆ ಹೊಲಿಯಬೇಕು, ಬರುತ್ತಾ ಬಿಟ್ಟ ಮನೆಗಳನ್ನು ತುಂಬಬೇಕು. ಅವ್ವ ತೇರಿನ ತುದಿಯವರೆಗೆ ಹೋಗಿದ್ದಳು, ತಿರುಗಿ ಬಂದಿರಲಿಲ್ಲ.

ಮಗಳು ಕೇಳಿದಳು, "ಅಜ್ಜಿದು ನಾ ತುಂಬಲೇನ್ ಅವ್ವಾ?" ಬೇಡ ಅಂದೆ. ಆ ತೇರನ್ನು ಗ್ರಾಫ್ ಹಾಳೆಗೆ ಇಳಿಸಿ, ಹೊಸ ಮ್ಯಾಟಿ ಬಟ್ಟೆ ತಂದು ಅವಳ ಕೈಗೆ ಕೊಟ್ಟೆ. ಚಕ್ರ ಮುಗಿದಿದೆ. ಹಿಂದಿನ ಮಗ್ಗುಲು ಇನ್ನೂ ಸರಿಯಾಗಿಲ್ಲ, ಎರಡು ಸಲ ಬಿಚ್ಚಿ ಮತ್ತೆ ಹಾಕುತ್ತಿದ್ದಾಳೆ.