ಮೊದಲ ಮುಟ್ಟಿಗೆ ಮುನ್ನವೇ ಪ್ಯಾಡ್ ಅಭ್ಯಾಸ

ಬೌದ್ಧಿಕ ಬೆಳವಣಿಗೆ ನಿಧಾನವಿರುವ ಅಥವಾ ಆಟಿಸಂ ಇರುವ ಹುಡುಗಿಗೆ ಮೊದಲ ಮುಟ್ಟಿನ ದಿನ ಪ್ಯಾಡ್ ಕಲಿಸಹೊರಟರೆ ತಡವಾಯಿತೆಂದೇ ಅರ್ಥ. ರಕ್ತ ಕಂಡ ಗಾಬರಿಯಲ್ಲಿ ಹೊಸದೇನೂ ತಲೆಗೆ ಹತ್ತದು. ಎದೆ ಮೂಡತೊಡಗಿ ಸಾಮಾನ್ಯವಾಗಿ 2ರಿಂದ 2.5 ವರ್ಷಕ್ಕೆ ಮುಟ್ಟು ಬರುತ್ತದೆ. ಕಲಿಸಲು ಅಷ್ಟು ಸಮಯವಿದೆ.

ಮೊದಲು ಪ್ಯಾಡ್ ಮೈಗೆ ಒಗ್ಗಲಿ. ದಿನಕ್ಕೆ 10 ನಿಮಿಷ ಒಣ ಪ್ಯಾಡ್ ಹಾಕಿಸಿ, ನಿಧಾನವಾಗಿ ಹೆಚ್ಚಿಸಿ. ಕಿತ್ತೆಸೆದರೆ ಅದು ಹಟವಲ್ಲ; ಸುವಾಸನೆ, ಪ್ಲಾಸ್ಟಿಕ್‌ನ ಸರಪರ ಸದ್ದು, ತೊಡೆಗೆ ಉಜ್ಜುವ ರೆಕ್ಕೆ, ಇವುಗಳಲ್ಲಿ ಯಾವುದೋ ಕಾಡುತ್ತಿರುತ್ತದೆ. ಒಂದೊಂದಾಗಿ ಬದಲಿಸಿ ನೋಡಿ. ಯಾವುದೂ ಆಗದಿದ್ದರೆ ರಕ್ತ ಹೀರುವ ಮುಟ್ಟಿನ ಚಡ್ಡಿ ಇದೆ.

ಪ್ಯಾಡ್ ಎಲ್ಲಿ ಅಂಟಬೇಕೆಂದು ಚಡ್ಡಿಯ ಒಳಗೆ ಮಾರ್ಕರ್‌ನಿಂದ ಅದರ ಆಕಾರ ಬರೆದಿಡಿ. ಹಂತಗಳನ್ನು ಕೊನೆಯಿಂದ ಕಲಿಸುವುದು ಒಳ್ಳೆಯದು: ಉಳಿದದ್ದೆಲ್ಲ ನೀವು ಮಾಡಿ, ಕೈ ತೊಳೆಯುವುದನ್ನಷ್ಟೇ ಅವಳಿಗೆ ಬಿಡಿ. ಅದು ಬಂದ ಮೇಲೆ ಸುತ್ತಿದ ಪ್ಯಾಡನ್ನು ಬುಟ್ಟಿಗೆ ಹಾಕುವುದು, ಆಮೇಲೆ ಸುತ್ತುವುದು. ಹೀಗೆ ಪ್ರತಿ ಸಲವೂ ಕೆಲಸ ಮುಗಿಸಿದವಳು ಅವಳೇ ಆಗುತ್ತಾಳೆ. ಚಿತ್ರದ ಕಾರ್ಡುಗಳನ್ನು ಶೌಚಾಲಯದ ಗೋಡೆಗೆ ಅಂಟಿಸಿ, ಒಂದರಲ್ಲಿ ಒಂದೇ ಕೆಲಸವಿರಲಿ.

ಪ್ಯಾಡಿಗೆ ಕೆಂಪು ನೀರು ಹಾಕಿಯೂ ತೋರಿಸಿ. ಆದರೆ ‘ಕೆಂಪಾದರೆ ಬದಲಿಸು’ ಎಂದಷ್ಟೇ ಕಲಿಸಿದರೆ ಕಡಿಮೆ ಸ್ರಾವದ ದಿನ ಬೆಳಗಿನ ಪ್ಯಾಡೇ ರಾತ್ರಿಯವರೆಗೂ ಉಳಿಯುತ್ತದೆ. ಎದ್ದಾಗ, ಊಟವಾದ ಮೇಲೆ, ಸಂಜೆ, ಮಲಗುವ ಮುನ್ನ ಎಂದು ದಿನಚರಿಗೆ ಕಟ್ಟಿಹಾಕಿ. ಹಗಲಲ್ಲಿ 4–6 ಗಂಟೆಗೊಮ್ಮೆ ಬದಲಾದರೆ ಸರಿ.

ಅಭ್ಯಾಸ ಶೌಚಾಲಯದಲ್ಲೇ, ಬಾಗಿಲು ಹಾಕಿಕೊಂಡೇ ನಡೆಯಲಿ. ಅನುಕೂಲಕ್ಕೆಂದು ಹಜಾರದಲ್ಲಿ ಕಲಿಸಿದರೆ ಶಾಲೆಯಲ್ಲೂ ಎಲ್ಲರೆದುರೇ ಚಡ್ಡಿ ಇಳಿಸುತ್ತಾಳೆ. ಕಲಿತಿದ್ದನ್ನೇ ಮಾಡಿದಳು, ತಪ್ಪು ಅವಳದಲ್ಲ. ಮುಟ್ಟಿನ ವಿಷಯ ಯಾರಿಗೆ ಹೇಳಬಹುದೆಂದು ಇಬ್ಬರು ಮೂವರ ಫೋಟೊ ತೋರಿಸಿ ಹೇಳಿಕೊಡಿ. ಯೋನಿಯನ್ನು ಯೋನಿ ಎಂದೇ ಕರೆಯಿರಿ. ಅಡ್ಡಹೆಸರು ಕಲಿತ ಮಗು ನೋವನ್ನೋ ದೌರ್ಜನ್ಯವನ್ನೋ ಹೇಳಿಕೊಂಡಾಗ ಕೇಳಿದವರಿಗೆ ಅರ್ಥವಾಗದೆ ಹೋಗಬಹುದು. ಒರೆಸಲು ನೆರವಾಗುವಾಗಲೂ ‘ಮುಟ್ಟಲೇ?’ ಎಂದು ಕೇಳಿ, ಅವಳು ತಲೆಯಾಡಿಸುವವರೆಗೆ ಕಾಯಿರಿ. ಒಪ್ಪಿಗೆಯಿಲ್ಲದೆ ಯಾರೂ ಮೈ ಮುಟ್ಟಬಾರದೆಂಬ ಪಾಠ ಹೀಗೆಯೇ ಮನಸ್ಸಿಗಿಳಿಯುತ್ತದೆ.

ಮಾತು ಬಾರದವಳ ಹೊಟ್ಟೆನೋವು ತಲೆ ಚಚ್ಚಿಕೊಳ್ಳುವುದು, ಊಟ ಬಿಡುವುದು, ನಿದ್ದೆಗೆಡುವುದರಲ್ಲಿ ಕಾಣಬಹುದು. ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತ ಹೋದರೆ ತಿಂಗಳ ಲಯ ತಿಳಿಯುತ್ತದೆ. ಮೂರ್ಛೆರೋಗವಿದ್ದರೆ ಕೆಲವರಿಗೆ ಈ ದಿನಗಳಲ್ಲಿ ಸೆಳವು ಹೆಚ್ಚುವುದರಿಂದ ಅದನ್ನೂ ಬರೆದಿಡಿ. ಸ್ರಾವ 7 ದಿನ ಮೀರಿದರೆ, ಗಂಟೆ ಎರಡು ಗಂಟೆಗೇ ಪ್ಯಾಡ್ ಪೂರ್ತಿ ತೊಯ್ದರೆ, 15 ವರ್ಷ ತುಂಬಿದರೂ ಮುಟ್ಟು ಬಾರದಿದ್ದರೆ ಆ ಕ್ಯಾಲೆಂಡರಿನೊಂದಿಗೆ ವೈದ್ಯರನ್ನು ಕಾಣಿ.