ಬೆಳಕನ್ನು ಕೆಳಗಿಳಿಸಿದೆ, ಜಗಲಿ ಬೆಚ್ಚಗಾಯಿತು

42 ಅಡಿ ಉದ್ದ, 12 ಅಡಿ ಅಗಲದ ಜಗಲಿ ನಮ್ಮದು. ಶಿರಸಿ, ಸಿದ್ದಾಪುರ ಕಡೆಯ ಹಳೆ ಮನೆಯವರಿಗೆ ಈ ಅಳತೆ ಹೊಸದಲ್ಲ. ಉಪನಯನವೋ ತಾಳಮದ್ದಳೆಯೋ ಇದ್ದ ದಿನ ಇಷ್ಟು ಜಾಗವೂ ಸಾಲದು. ಉಳಿದ ದಿನ ಮೂರ್ನಾಲ್ಕು ಜನ ಕೂತರೆ ಬಿಕೋ ಎನ್ನುತ್ತದೆ, ಮಾತಾಡಿದ್ದು ಹಂಚಿಗೆ ಬಡಿದು ವಾಪಸ್ ಬರುತ್ತದೆ. ಕಾಂಟ್ರಾಕ್ಟರೊಬ್ಬರು ಜಿಪ್ಸಂ ಸೀಲಿಂಗ್, ಗೋಡೆಗೆ ಪ್ಲೈವುಡ್ ಪ್ಯಾನೆಲ್ ಎಂದು ನಾಲ್ಕೂವರೆ ಲಕ್ಷದ ಅಂದಾಜು ಕೊಟ್ಟಿದ್ದರು. ನಮ್ಮ ಮಳೆಗೆ ಜಿಪ್ಸಂ ಎಷ್ಟು ವರ್ಷ ಬಾಳುತ್ತದೆ, ಅದರ ಮೇಲೆ ಇಲಿ, ಕಬ್ಬೆಕ್ಕು ಓಡಾಡಿದರೆ ಏನಾಗುತ್ತದೆ ಎಂಬುದು ನಿಮಗೂ ಗೊತ್ತು. ನಾನು ಮಾಡಿದ್ದು ಮೂರೇ ಕೆಲಸ: ಬೆಳಕನ್ನು ಕೆಳಗಿಳಿಸಿದೆ, ಗಾಢ ಬಣ್ಣವನ್ನು ಸೊಂಟದೆತ್ತರಕ್ಕೆ ನಿಲ್ಲಿಸಿದೆ, ಕೂರುವ ಜಾಗಗಳನ್ನು ಹತ್ತಿರ ತಂದೆ. ಒಟ್ಟು ಖರ್ಚು 1 ಲಕ್ಷ 40 ಸಾವಿರದ ಆಸುಪಾಸು. ಅದರಲ್ಲಿ 30–35 ಸಾವಿರ ತಪ್ಪು ಪ್ರಯೋಗಗಳಿಗೇ ಹೋಯಿತು. ಎರಡು ಮಳೆಗಾಲ ಕಳೆದ ಮೇಲೂ ಎಲ್ಲ ಹಾಗೇ ನಿಂತಿದೆ, ಅದಕ್ಕೇ ಈಗ ಬರೆಯುತ್ತಿದ್ದೇನೆ.

ಮೊದಲು ಗೋಡೆ, ಯಾಕೆಂದರೆ ಹೆಚ್ಚು ದುಡ್ಡು ತಿಂದದ್ದು ಅದೇ. ಹಿಂದೆ ಯಾವಾಗಲೋ ಪ್ಲಾಸ್ಟಿಕ್ ಪೇಂಟ್ ಬಳಿಸಿದ್ದೆವು. ಮಣ್ಣು, ಚಿರೆಕಲ್ಲಿನ ಗೋಡೆ ನೆಲದಿಂದ ತೇವ ಎಳೆಯುತ್ತದೆ. ಆ ತೇವ ಹೊರಬರಲು ಪೇಂಟ್ ಬಿಡದಿದ್ದರೆ ಒಳಗೆ ಉಪ್ಪು ಕಟ್ಟಿ, ಹಪ್ಪಳದ ಹಾಗೆ ಉಬ್ಬಿ ಉದುರುತ್ತದೆ. ಗೋಡೆ ಎಷ್ಟು ಒಣಗಿದೆ ಎಂದು ನೋಡಲು ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒಳಮೈಯಲ್ಲಿ ಹನಿ ಕಂಡರೆ ಇನ್ನೂ ತಡೆಯಿರಿ. ನಮ್ಮಲ್ಲಿ ಜನವರಿ ಕೊನೆಯವರೆಗೂ ಹನಿ ಕಾಣುತ್ತಿತ್ತು, ಫೆಬ್ರವರಿಯಲ್ಲಿ ಕೈ ಹಚ್ಚಿದೆ. ಹಳೇ ಪೇಂಟ್ ಕೆರೆಯಲು ಇಬ್ಬರಿಗೆ 9 ದಿನ ಹಿಡಿಯಿತು. ಇದರಲ್ಲಿ ಉಳಿಸಲು ಹೋಗಬೇಡಿ, ಪ್ಲಾಸ್ಟಿಕ್ ಮೇಲೆ ಸುಣ್ಣ ನಿಲ್ಲುವುದೇ ಇಲ್ಲ.

ಸುಣ್ಣ ತರಿಸಿದ್ದು ಕುಮಟಾ ಕಡೆಯಿಂದ, ಅಘನಾಶಿನಿ ಅಳಿವೆಯ ಚಿಪ್ಪಿನದು, ಸುಮಾರು 30 ಕಿಲೋ. ನೆನೆಹಾಕಿ, ಪಂಚೆಯಲ್ಲಿ ಎರಡು ಸಲ ಸೋಸಿ, ಹಾಲಿನಷ್ಟು ತೆಳ್ಳಗೆ ಮಾಡಿ ಮೂರು ಕೈ ಹೊಡೆದದ್ದು. ದಪ್ಪಗೆ ಎರಡೇ ಕೈ ಹೊಡೆದರೆ ಸೀಳುತ್ತದೆ. ಪ್ರತಿ ಸಲವೂ ಮೊದಲು ಗೋಡೆಗೆ ನೀರು ಚಿಮುಕಿಸಬೇಕು, ಒಂದು ಕೈಗೂ ಇನ್ನೊಂದಕ್ಕೂ ಒಂದು ದಿನ ಬಿಡಬೇಕು. ಬಿಸಿಲು ಬೀಳುವ ಗೋಡೆಗೆ ಸಂಜೆ ಹೊಡೆಯಿರಿ. ಬೇಗ ಒಣಗಿದರೆ ಪುಡಿಯಾಗಿ ಅಂಗಿಗೆ ಮೆತ್ತಿಕೊಳ್ಳುತ್ತದೆ.

ನೆಲದಿಂದ 3 ಅಡಿ 2 ಇಂಚು ಎತ್ತರಕ್ಕೆ ಕೆಮ್ಮಣ್ಣು. ಇದಕ್ಕೇ ಎಲ್ಲರೂ ತಲೆಯಾಡಿಸಿದ್ದು. "ಎಂತದಾ ತಮ್ಮಾ, ಜಗಲಿನ ಕೊಟ್ಗೆ ಮಾಡ್ತಿದ್ಯಾ?" ಎಂದು ಹಿರಿಯರೊಬ್ಬರು ಕೇಳಿಯೂ ಕೇಳಿದರು. ಆದರೆ ಚಾಪೆಯ ಮೇಲೋ ಬೆಂಚಿನ ಮೇಲೋ ಕೂತವರ ಬೆನ್ನ ಹಿಂದೆ ಗಾಢ ಬಣ್ಣವಿದ್ದು ಅದರ ಮೇಲೆ ಬಿಳುಪಿದ್ದರೆ, 11 ಅಡಿ ಎತ್ತರದ ಗೋಡೆ ಮೈಮೇಲೆ ಬಿದ್ದಂತೆ ಕಾಣುವುದಿಲ್ಲ. ಬಣ್ಣವನ್ನು 4 ಅಡಿಗೂ ಏರಿಸಿ ನೋಡಿದ್ದೆ. ಕೂತಾಗ ಬಾವಿಯೊಳಗಿದ್ದ ಹಾಗಾಯಿತು, ಅಳಿಸಿದೆ. ಮಣ್ಣನ್ನು ನೀರಲ್ಲಿ ಕದಡಿ, ಮರಳು ತಳ ಸೇರಿದ ಮೇಲೆ ಮೇಲಿನ ಕೆನೆಯಂಥದ್ದನ್ನಷ್ಟೇ ಬಸಿದುಕೊಳ್ಳಬೇಕು. ಒಂದು ಬುಟ್ಟಿ ಮಣ್ಣಿಗೆ ಕಾಲು ಬುಟ್ಟಿಯಷ್ಟೇ ಬಣ್ಣ ಸಿಗುತ್ತದೆ.

ಅಂಟಿನ ವಿಷಯದಲ್ಲಿ ಎರಡು ಸಲ ಸೋತೆ. ಫೆವಿಕಾಲ್ ಹಾಕಿದ್ದು ಪೊರೆ ಕಟ್ಟಿ ಎದ್ದಿತು. ಅನ್ನದ ಗಂಜಿ ಹಾಕಿದ್ದು ಫೆಬ್ರವರಿಯಲ್ಲಿ ಚೆಂದವಿತ್ತು, ಜುಲೈಗೆ ಹಸಿರು ಬೂಷ್ಟು, ಜೊತೆಗೆ ಜಿರಳೆ. ಮೂರನೆಯದು ನಿಂತಿತು. ಅದು ಅಡುಗೆಮನೆಯದೇ ವಸ್ತು, ಸುಣ್ಣದ ಜೊತೆ ಸೇರಿದರೆ ಗಟ್ಟಿಯಾಗುತ್ತದೆ ಎಂಬಷ್ಟನ್ನು ಮಾತ್ರ ಹೇಳುತ್ತೇನೆ. ಅಳತೆ ಬೇಕಾದವರು ಮನೆಗೆ ಬನ್ನಿ, ಆಸರಿಗೆ ಕುಡಿಯುತ್ತ ಹೇಳಿಕೊಡುತ್ತೇನೆ.

ಹೆಬ್ಬಾಗಿಲ ಎರಡೂ ಪಕ್ಕಕ್ಕೆ ಮಾತ್ರ ಚಿತ್ತಾರ. ದೀವರ ಚಿತ್ತಾರ (ಮಲೆನಾಡಿನ ದೀವರು ಸಮುದಾಯದವರ ಗೋಡೆ ಚಿತ್ರ) ಬಲ್ಲ ಇಬ್ಬರು ಹೆಣ್ಣುಮಕ್ಕಳು ನಾಲ್ಕು ದಿನ ಕೂತು ಬರೆದರು: ಪುಂಡಿ ನಾರಿನ ಕುಂಚ, ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕಪ್ಪು ಮಾಡಿದ ಅಕ್ಕಿಯ ಕರಿ, ಗುರಿಗೆ ಕಾಯಿಯ ಹಳದಿ. ಕೂಲಿ ಕೊಡುವಾಗ ಚೌಕಾಸಿ ಮಾಡಬೇಡಿ. ಒಂದೊಂದು ಎಳೆಯನ್ನೂ ಅಳತೆಪಟ್ಟಿಯಿಲ್ಲದೆ ನೇರ ಎಳೆಯುವ ಕೈ ಅದು. ಇರಚಲು ತಾಗುವ ಗೋಡೆಗೆ ಇದನ್ನು ಬರೆಸಲೇಬಾರದು.

ಇನ್ನು ಬೆಳಕು. ನಡುಜಂತಿಗೆ ಒಂದು 40 ವ್ಯಾಟಿನ ಟ್ಯೂಬ್‌ಲೈಟ್ ಇತ್ತು. ನೆಲಕ್ಕೆಲ್ಲ ಒಂದೇ ಸಮ ಬಿಳಿ ಬೆಳಕು, ಮುಖಗಳೆಲ್ಲ ಕಾಯಿಲೆ ಬಿದ್ದವರಂತೆ. ಅದನ್ನು ತೆಗೆದು 5 ವ್ಯಾಟಿನ 8 ಎಲ್‌ಇಡಿ ಹಾಕಿದೆ, ಒಟ್ಟು ಅದೇ 40 ವ್ಯಾಟ್. ಡಬ್ಬದ ಮೇಲೆ 2700 ಕೆ ಎಂದು ಬರೆದದ್ದನ್ನೇ ಕೇಳಿ ತನ್ನಿ (ಇದು ಬೆಳಕಿನ ಬಣ್ಣದ ಅಳತೆ, ಸಂಖ್ಯೆ ಏರಿದಷ್ಟೂ ಹಳದಿ ಹೋಗಿ ಬಿಳುಪಾಗುತ್ತದೆ). 'ವಾರ್ಮ್' ಎಂದು ಅಂಗಡಿಯವರು ಕೊಟ್ಟ ಎರಡು ಬಲ್ಬು 4000ದ್ದಾಗಿದ್ದವು, ಎಂಟರ ನಡುವೆ ಅವೆರಡೇ ಇಡೀ ಸಾಲನ್ನು ಕೆಡಿಸಿದವು. ಮೊದಲು ಆರೂವರೆ ಅಡಿ ಎತ್ತರಕ್ಕೆ ತೂಗುಬಿಟ್ಟೆ. ನಿಂತವರ ತಲೆಗೆ ತಾಗುತ್ತಿತ್ತು, ಕೂತವರ ಕಣ್ಣಿಗೆ ಚುಚ್ಚುತ್ತಿತ್ತು. ಆಮೇಲೆ ಆರನ್ನು ಕಂಬಗಳ ಪಕ್ಕಕ್ಕೆ, ನೆಲದಿಂದ ನಾಲ್ಕೂವರೆ ಅಡಿಗೆ ತಂದೆ. ಕೂತಾಗ ಬಲ್ಬು ಕಾಣಬಾರದು, ಅದು ಬೆಳಗಿದ ಕೆಮ್ಮಣ್ಣು ಕಾಣಬೇಕು. ಉಳಿದ ಎರಡನ್ನು ಜಗಲಿಯ ಎರಡು ತುದಿಯಲ್ಲಿ ಜಂತಿಯ ಮೇಲೆ ಹಂಚಿನ ಕಡೆ ಮುಖಮಾಡಿ ಇಟ್ಟಿದ್ದೇನೆ. ಅವಿಲ್ಲದಿದ್ದರೆ ಮೇಲಿನ ಕತ್ತಲು ಭಾರವೆನಿಸುತ್ತದೆ. ಇನ್ನೊಂದು ಲಾಭವೂ ಆಯಿತು, ಹಳದಿ ಬೆಳಕಿಗೆ ಮಳೆಹುಳ ಬರುವುದು ಕಡಿಮೆ.

ದೀಪದ ಬುಟ್ಟಿಗೆ ಅಡಿಕೆ ಹಾಳೆ ಬಳಸಿದೆ, ಬೆಳಕು ಬೆಲ್ಲದ ಬಣ್ಣಕ್ಕೆ ಸೋಸಿ ಬರುತ್ತಿತ್ತು. ಆಷಾಢದಲ್ಲಿ ಬೂಷ್ಟು ಹಿಡಿಯಿತು. ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಹಚ್ಚಿದರೆ ಹಾಳೆ ಕರಿದಾಯಿತು, ವಾಸನೆ ವಾರವಾದರೂ ಹೋಗಲಿಲ್ಲ, ಕೈಯ ಚರ್ಮ ಬೇರೆ ಸುಲಿಯಿತು. ಗೇರೆಣ್ಣೆ ಮಾಡಿನ ಪಕಾಸಿಗೆ, ಒರಲೆ ತಡೆಯಲು ಸರಿ, ದೀಪಕ್ಕಲ್ಲ. ಈಗಿರುವುದು ಅಡಿಕೆ ದಬ್ಬೆಯನ್ನು (ಅಡಿಕೆ ಮರದ ಸೀಳು) ಬೆರಳಗಲಕ್ಕೆ ಸೀಳಿ, ಕೀಸಿ, ಎಳೆಗಳ ನಡುವೆ ಒಂದು ನೂಲಿನಷ್ಟು ಸಂದು ಬಿಟ್ಟು ಕಟ್ಟಿದ್ದು. ಗಾಳಿಯಾಡುವುದರಿಂದ ಬೂಷ್ಟಿಲ್ಲ.

ಮಳೆಗಾಲದಲ್ಲಿ ಇರಚಲು ತಡೆಯಲು ಸೋಗೆ ತಟ್ಟಿ ಕಟ್ಟಿದರೆ ಜಗಲಿ ಹಗಲಲ್ಲೂ ಕತ್ತಲು. ಅದಕ್ಕೆ ಗಾಜಿನ ಹಂಚು ಹಾಕಿಸಿದೆ, ಆಸೆಬುರುಕತನಕ್ಕೆ 14. ಏಪ್ರಿಲಿನಲ್ಲಿ ಕೆಳಗೆ ಕೂರಲಾಗಲಿಲ್ಲ. ದಕ್ಷಿಣ, ಪಶ್ಚಿಮದ್ದನ್ನೆಲ್ಲ ಕೀಳಿಸಿ ಬಡಗಣ ಇಳಿಜಾರಿನಲ್ಲಿ 5 ಉಳಿಸಿದೆ, ಸಾಕಾಗಿದೆ. ವರ್ಷಕ್ಕೊಮ್ಮೆ ಪಾಚಿ ಒರೆಸಬೇಕು.

ಕೂರುವ ವ್ಯವಸ್ಥೆಗೆ ಹೊಸದೇನನ್ನೂ ಕೊಂಡಿಲ್ಲ, ಇದ್ದದ್ದನ್ನೇ ಗೋಡೆಯಿಂದ ಬಿಡಿಸಿದೆ. ಗೋಡೆಗೆ ಸಾಲಾಗಿ ಕುರ್ಚಿ ಇಟ್ಟರೆ ಎದುರುಬದುರು ಕೂತವರ ನಡುವೆ 9–10 ಅಡಿ ಅಂತರ, ದನಿ ಎತ್ತರಿಸಿಯೇ ಮಾತಾಡಬೇಕು. ಈಗ ಮೂರು ಗುಂಪು: ಬಾಗಿಲ ಹತ್ತಿರ ಹಲಸಿನ ಹಲಗೆಯ ಬೆಂಚುಗಳು, ನಡುವೆ ತೂಗುಮಂಚ, ಆ ತುದಿಯಲ್ಲಿ ಚಾಪೆ, ದಿಂಬು, ಕವಳದ ತಬಕು. ಯಾವ ಗುಂಪಿನಲ್ಲೂ ಎದುರಿನವರ ಮೊಣಕಾಲಿಗೆ 5 ಅಡಿಗಿಂತ ಹೆಚ್ಚು ದೂರವಿಲ್ಲ. ಬಂದವರಿಗೆ ಎಲ್ಲಿ ಕೂರುವುದು ಎಂಬ ಗೊಂದಲ ಹೋಯಿತು, ಪರಿಚಯವಿಲ್ಲದವರು ಬೆಂಚಿಗೆ, ಬಳಕೆಯವರು ನೇರ ಚಾಪೆಗೆ. ಪ್ರತಿಧ್ವನಿಗೆ ಮುಂಡಿಗೆ ಚಾಪೆ ಒಂದೇ ಸಾಲದು, ಅದರ ಕೆಳಗೆ ಹಳೇ ಕಂಬಳಿ ಹಾಸಬೇಕು. ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡಿ, ಕಂಬಳಿಯ ಫಲ ಕಿವಿಗೇ ತಿಳಿಯುತ್ತದೆ.

ಕೆಂಪು ನೆಲಕ್ಕೆ ಬರೀ ತೆಂಗಿನೆಣ್ಣೆ ಒರೆಸಿದ್ದು ತಪ್ಪಾಯಿತು. ಧೂಳು ಹಿಡಿಯಿತು, ಮಳೆಗಾಲದಲ್ಲಿ ಜಾರಿತು. 1 ಪಾಲು ಜೇನುಮೇಣ, 4 ಪಾಲು ತೆಂಗಿನೆಣ್ಣೆಯನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ (ನೇರ ಒಲೆಯ ಮೇಲೆ ಬೇಡ, ಬೆಂಕಿ ಹತ್ತುತ್ತದೆ), ತೆಳ್ಳಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು ಕಂಬಳಿ ತುಂಡಿನಿಂದ ಉಜ್ಜಬೇಕು. ಕಾಲು ಕಿಲೋ ಮೇಣ ಇಡೀ ಜಗಲಿಗೆ, ಕಂಬಗಳಿಗೂ ಸಾಕಾಯಿತು.

ಪರದೆಯ ಪ್ರಯೋಗವನ್ನು ಹೇಳದೆ ಬಿಡಲಾರೆ. ಅಡಿಕೆ ಬೇಯಿಸಿದ ಚೊಗರು ಇದ್ದೇ ಇತ್ತು. ಕೋರಾ ಬಟ್ಟೆಯನ್ನು ಅಂಟುವಾಳದಲ್ಲಿ ಕುದಿಸಿ ಗಂಜಿ ತೆಗೆದು, ಕಿಲೋ ಬಟ್ಟೆಗೆ 100 ಗ್ರಾಂ ಪಟಕದ (ಆಲಂ) ನೀರಲ್ಲಿ ರಾತ್ರಿ ನೆನೆಹಾಕಿ, 1 ಲೀಟರ್ ಚೊಗರಿಗೆ 8 ಲೀಟರ್ ನೀರು ಸೇರಿಸಿ ಒಂದು ತಾಸು ಕುದಿಸಿದೆ. ಮೊದಲ ಸಲ ಕಬ್ಬಿಣದ ಕೊಪ್ಪರಿಗೆಯಲ್ಲಿ ಕುದಿಸಿದ್ದರಿಂದ 12 ಮೀಟರ್ ಬಟ್ಟೆ ಬೂದಿಗಪ್ಪಾಯಿತು, ಚೊಗರಿಗೂ ಕಬ್ಬಿಣಕ್ಕೂ ಆಗದು. ತಾಮ್ರದ ಹಂಡೆಯಲ್ಲಿ ಒಳ್ಳೇ ಇಟ್ಟಿಗೆ ಬಣ್ಣ ಬಂತು. ನೆರಳಲ್ಲಿ ಒಣಗಿಸಿ. ಪಶ್ಚಿಮದ ಕಿಟಕಿಗೆ ಕಟ್ಟಿದ ಎರಡು ಪರದೆ ಒಂದೇ ಬೇಸಿಗೆಗೆ ಮಾಸಿದವು, ಅಲ್ಲಿಗೆ ಈ ಸಲ ಎರಡು ಬಾರಿ ಅದ್ದಿದ ಬಟ್ಟೆ ಹಾಕುತ್ತೇನೆ. ಕೊಯ್ಲು ಶುರುವಾದ ಕೂಡಲೆ ಮೊದಲ ಚೊಗರು ಎತ್ತಿಡಲು ಮನೆಯಲ್ಲಿ ಹೇಳಿಟ್ಟಿದ್ದೇನೆ. ಆಮೇಲೆ ಮೆತ್ತಿನ (ಮಹಡಿಯ) ಕೋಣೆಗಳ ಸರದಿ.